ಕಾಮಾಲೆಯಕ್ಕ ನಂಬಿದ ಹಸಿರು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ಆ ಕಚೇರಿಯಲ್ಲಿ ಯಾರೋ ಒಬ್ಬ ತಮಾಷೆಗೆ ಎಸೆದ. ಅದು ಹೋಗಿ ಆಕೆಗೆ ಅಂಟಿಕೊಂಡಿತು. ಅಂದಿನಿಂದ ಆಕೆ ಎಲ್ಲರಿಗೂ ಕಾಮಾಲೆಯಕ್ಕ. ಆಕೆಯ ಕಣ್ಣಿಗೆ ಯಾವ ರೋಗವೂ ಇರಲಿಲ್ಲ. ಗೋಡೆಯ ಮೇಲಿನ ಪರದೆಯಲ್ಲಿ ನಿಜವಾಗಿಯೂ ಹಳದಿ ದೀಪವೇ ಉರಿಯುತ್ತಿತ್ತು, ಆಕೆ ಅದನ್ನು ಹಳದಿ ಎಂದಳು, ಅಷ್ಟೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯುವಷ್ಟು ಧೈರ್ಯವಿಲ್ಲದ ಕಡೆ ಅಡ್ಡಹೆಸರು ಇಡುತ್ತಾರೆ.

ಆಕೆಯ ಕೆಲಸ ಹುಡುಕುವುದು. ಸರಿಯಾಗಿ ಹೇಳಬೇಕೆಂದರೆ, ಬೇರೆಯವರು ಹುಡುಕಿದರೆ ಸಿಗುವಂತೆ ನೋಡಿಕೊಳ್ಳುವುದು. ರಸ್ತೆಯಲ್ಲಿ ಬಿದ್ದವರು, ನೆನಪು ತಪ್ಪಿದವರು, ಮಾತು ನಿಂತವರು, ಹೀಗೆ ತಮ್ಮ ಹೆಸರನ್ನೂ ಹೇಳಲಾಗದೆ ಆಸ್ಪತ್ರೆ ಸೇರಿದವರ ಬಗ್ಗೆ ಆಯಾ ವಾರ್ಡಿನ ನರ್ಸ್ ನಾಲ್ಕು ಸಾಲು ಬರೆದು ಕಂಪ್ಯೂಟರಿಗೆ ಹಾಕುತ್ತಿದ್ದಳು. ಮೊಣಕೈ ಮೇಲೆ ಸುಟ್ಟ ಕಲೆ, ಒಂದೇ ಕಿವಿಗೆ ಓಲೆ, ಮಗಳನ್ನು ಕರೆಯುತ್ತಾ ಅಳುತ್ತಾರೆ, ಇಂಥವು. ಕಳೆದುಕೊಂಡವರು ಒಂದು ಪುಟ ತೆರೆದು, ತಮಗೆ ತಿಳಿದ ಗುರುತನ್ನು ಬರೆದರೆ, ಎಲ್ಲ ಆಸ್ಪತ್ರೆಗಳ ಎಲ್ಲ ಸಾಲುಗಳಲ್ಲೂ ಅದು ಹುಡುಕಿ ತೋರಿಸುತ್ತಿತ್ತು. ಎಷ್ಟೋ ಮನೆಗಳಿಗೆ ಎಷ್ಟೋ ಜನ ಹಾಗೆ ವಾಪಸು ಬಂದಿದ್ದರು. ಅವರಲ್ಲಿ ಯಾರಿಗೂ ಕಾಮಾಲೆಯಕ್ಕ ಯಾರೆಂದು ಗೊತ್ತಿರಲಿಲ್ಲ. ಗೊತ್ತಾಗಬೇಕೆಂದು ಆಕೆಯೂ ಬಯಸಿದವಳಲ್ಲ.

ಆ ಸಾಲುಗಳೆಲ್ಲ ಸೇರಿದರೆ ದೊಡ್ಡ ರಾಶಿ. ಒಂದೇ ಯಂತ್ರ ಹೊರಲಾರದ್ದು. ಹಾಗಾಗಿ ಅದನ್ನು ಐದು ಪಾಲು ಮಾಡಿ ಐದು ಯಂತ್ರಗಳಿಗೆ ಹಂಚಿದ್ದರು. ಗುಂಪಿಗೆ ಕ್ಲಸ್ಟರ್ ಎಂದು ಹೆಸರು, ಒಂದೊಂದು ಯಂತ್ರಕ್ಕೆ ನೋಡ್ ಎಂದು. ಪ್ರತಿ ಪಾಲಿಗೂ ಇನ್ನೊಂದು ಯಂತ್ರದಲ್ಲಿ ಒಂದು ನಕಲು ಇರಬೇಕು, ಒಂದು ಬಿದ್ದರೆ ಇನ್ನೊಂದು ಹೊರಲಿ ಎಂದು. ಪಾಲೂ ನಕಲೂ ಇದ್ದರೆ ಹಸಿರು. ನಕಲು ಇಲ್ಲದಿದ್ದರೆ ಹಳದಿ. ಪಾಲೇ ಕಾಣೆಯಾದರೆ ಕೆಂಪು. ಡಿಸ್ಕುಗಳು ತುಂಬಿ ತುಳುಕಿ, ನಕಲುಗಳಿಗೆ ಜಾಗವೇ ಇಲ್ಲದೆ, ದೀಪ ಹಳದಿಗೆ ತಿರುಗಿ ವರ್ಷಗಳೇ ಆಗಿದ್ದವು.

ಡಿಸ್ಕು ತರಿಸಬೇಕಾದವರು ಆಕೆಯ ಮೇಲಧಿಕಾರಿ. ಅವರಿಗೂ ಒಂದು ಹೆಸರಿತ್ತು, ನೋಡೋಣ ಸಾಹೇಬರು ಎಂದು. ಏನು ಕೇಳಿದರೂ ಅವರು ಇಲ್ಲ ಎಂದವರಲ್ಲ, ಹೂಂ ಎಂದವರೂ ಅಲ್ಲ.

"ಸರ್, ನಕಲಿಲ್ಲದೆ ಓಡಿಸ್ತಿದೀವಿ. ಒಂದು ಯಂತ್ರ ಹೋದ್ರೆ ಅಷ್ಟೂ ಜನ ಹೋದ್ರು ಅಂತ ಲೆಕ್ಕ."

"ಹಳದಿ ಅಂದ್ರೆ ಕೆಂಪಲ್ವಲ್ಲಮ್ಮ? ನೋಡೋಣ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದರೂ ಆಕೆ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದು ಗೆದ್ದಿದ್ದಳು. ದೀಪ ಕೆಂಪಾದರೆ ಹುಡುಕುವ ಪುಟ ತಾನಾಗಿಯೇ ಮುಚ್ಚಿಕೊಳ್ಳಬೇಕು. ಇಲ್ಲವಾದರೆ ಉಳಿದ ಯಂತ್ರಗಳು ತಮ್ಮಲ್ಲಿರುವುದನ್ನಷ್ಟೇ ಹುಡುಕಿ, ಕಾಣೆಯಾದ ಪಾಲಿನ ಸುದ್ದಿಯನ್ನೇ ಎತ್ತದೆ, 'ಯಾರೂ ಇಲ್ಲ' ಎಂದುಬಿಡುತ್ತವೆ. "ಗೊತ್ತಿಲ್ಲ ಅನ್ನೋದು ಬೇರೆ ಸರ್, ಇಲ್ಲ ಅನ್ನೋದು ಬೇರೆ," ಎಂದು ಆಕೆ ಮೇಜು ಗುದ್ದಿ ಹೇಳಿದ್ದಳು. ಸಾಹೇಬರು ಒಪ್ಪಿದ್ದು ಅವಳ ಮಾತಿಗಲ್ಲ, ಮೇಜಿನ ಮೇಲಿದ್ದ ತಮ್ಮ ಚಹಾ ಚೆಲ್ಲೀತೆಂಬ ಭಯಕ್ಕೆ.

ಮನೆಯಲ್ಲಿ ಆಕೆಗಿದ್ದವನು ಅಣ್ಣ ಒಬ್ಬನೇ. ಅಪ್ಪ ಅಮ್ಮ ಬೇಗ ಹೋದ ಮೇಲೆ ಬಸ್ಸಿನ ಕಂಡಕ್ಟರಾಗಿ ತಂಗಿಯನ್ನು ಓದಿಸಿದವನು. ಇಷ್ಟು ಕೇಳಿ ಅವನನ್ನು ದೇವರೆಂದುಕೊಳ್ಳಬೇಡಿ. ಮಹಾ ಮುಂಗೋಪಿ. ಚಿಲ್ಲರೆ ವಾಪಸು ಕೊಟ್ಟ ಇತಿಹಾಸವೇ ಇಲ್ಲ. ಅವನ ಬಸ್ಸು ಹತ್ತಿದವರು ಇಳಿಯುವಾಗ ಅವನ ಹಿಂದಿನ ಮೂರು ತಲೆಮಾರಿನವರನ್ನೂ ನೆನೆದೇ ಇಳಿಯುತ್ತಿದ್ದರು. ಆದರೆ ತಂಗಿ ಕಾಲೇಜಿಗೆ ಹೋಗುವ ಕಾಲದಲ್ಲಿ, ಎಷ್ಟೇ ನೂಕುನುಗ್ಗಲಿರಲಿ, ಬಾಗಿಲ ಹಿಂದಿನ ಮೊದಲ ಸೀಟಿನ ಮೇಲೆ ತನ್ನ ಚೀಲ ಇಟ್ಟುಬಿಡುತ್ತಿದ್ದ. "ಅಲ್ಲಿ ಕೂರಬೇಡಿ, ನನ್ನ ತಂಗಿ ಬರ್ತಾಳೆ," ಎಂದು ಹೊಟ್ಟೆ ಮುಂದೆ ಮಾಡಿ ನಿಂತರೆ, ಪೈಲ್ವಾನನಾದರೂ ಆ ಸೀಟಿನ ತಂಟೆಗೆ ಹೋಗುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಅವನ ನೆನಪು ಒಂದೊಂದಾಗಿ ಇಳಿದುಹೋಗತೊಡಗಿತು. ಮೊದಲು ಬೀದಿಗಳು, ಆಮೇಲೆ ನೆಂಟರು, ಆಮೇಲೆ ಊಟ ಮಾಡಿದ್ದು. ಪರೀಕ್ಷೆ ಮಾಡಿದ ವೈದ್ಯೆ ಮುಚ್ಚುಮರೆ ಮಾಡಲಿಲ್ಲ. "ಇದು ವಾಸಿಯಾಗಲ್ಲಮ್ಮ. ನಿಮ್ಮ ಮುಖ ಒಂದು ಗಟ್ಟಿಯಾಗಿ ಉಳಿದಿದೆ. ದಿನಾ ಕಣ್ಣಿಗೆ ಬೀಳ್ತಾ ಇರಿ. ಗುರುತಿಲ್ಲದ ಜಾಗದಲ್ಲಿ ಇವರನ್ನ ತುಂಬಾ ದಿನ ಬಿಡಬೇಡಿ, ಅದೂ ಹೋಗುತ್ತೆ."

ಬೆಳಗಾದರೆ ಆಕೆ ಅದನ್ನೇ ಪರೀಕ್ಷಿಸಿಕೊಳ್ಳುತ್ತಿದ್ದಳು. ಅಣ್ಣ ಎದ್ದವನೇ ಯಾವುದೋ ಕಾಗದ ಹರಿದು, ಉದ್ದಕ್ಕೆ ಮಡಚಿ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಟಿಕೆಟ್ ಟಿಕೆಟ್ ಎನ್ನುತ್ತಾ ಮನೆಯೆಲ್ಲ ಸುತ್ತುತ್ತಿದ್ದ. ಹಾಲು ತಂದವನ ಬಳಿ ಟಿಕೆಟ್ ಕೇಳುತ್ತಿದ್ದ, ಬಾಗಿಲಿಗೆ ಬಂದ ಅಂಚೆಯವನ ಬಳಿಯೂ ಕೇಳುತ್ತಿದ್ದ. ಆಕೆ ಬೇಕೆಂದೇ ಕೈ ಚಾಚಿ "ನಂಗೊಂದು ಕೊಡಿ ಕಂಡಕ್ಟರೇ" ಎಂದರೆ ಮಾತ್ರ ನಿಂತು, ಮುಖ ನೋಡಿ, ನಗುತ್ತಿದ್ದ. "ನಿಂಗ್ಯಾಕೆ ಟಿಕೆಟ್ಟು, ಮರಿ?" ಅಷ್ಟು ಕೇಳಿದರೆ ಸಾಕು, ಆಕೆಯ ದಿನ ಸಾಗುತ್ತಿತ್ತು. ಆ ಒಂದು ಮಾತನ್ನು ಉಳಿಸಿಕೊಳ್ಳುವುದು ಬಿಟ್ಟು ಬೇರೆ ಯಾವ ಆಸೆಯನ್ನೂ ಆಕೆ ಇಟ್ಟುಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಆಕೆ ಸ್ನಾನದ ಮನೆಯಿಂದ ಬರುವಷ್ಟರಲ್ಲಿ ಮುಂಬಾಗಿಲು ತೆರೆದಿತ್ತು. ಅಣ್ಣನ ಚಪ್ಪಲಿ ಅಲ್ಲೇ ಇತ್ತು, ಅಣ್ಣ ಇರಲಿಲ್ಲ.

ಬೀದಿ, ಪಾರ್ಕು, ಬಸ್ ನಿಲ್ದಾಣ, ಡಿಪೋ ಎಲ್ಲ ಮುಗಿಯಿತು. ಪೊಲೀಸರು ಫೋಟೋ ತೆಗೆದುಕೊಂಡು ಕುರ್ಚಿ ತೋರಿಸಿದರು. ಮರುದಿನವೂ ನಿಲ್ದಾಣದಲ್ಲೇ ನಿಂತು, ಬಂದ ಬಸ್ಸುಗಳಿಗೆಲ್ಲ ಹತ್ತಿ ಇಳಿದು, ಕೊನೆಗೆ ಅಲ್ಲೇ ಒಂದು ಬೆಂಚಿನ ಮೇಲೆ ಕೂತು ಫೋನಿನಲ್ಲಿ ತನ್ನದೇ ಪುಟ ತೆರೆದಳು. ಹಿಂದಿನ ದಿನ ಸಂಜೆ ಹುಡುಕಿದಾಗ ಏನೂ ಸಿಕ್ಕಿರಲಿಲ್ಲ. ರಾತ್ರಿ ಯಾವುದಾದರೂ ಆಸ್ಪತ್ರೆಯವರು ಹಾಕಿರಬಹುದು. ಆದರೆ ಪುಟ ಮುಚ್ಚಿತ್ತು. 'ಹುಡುಕಾಟ ಸದ್ಯಕ್ಕೆ ಲಭ್ಯವಿಲ್ಲ.' ಆ ವಾಕ್ಯವನ್ನು ಬರೆದವಳು ಆಕೆಯೇ.

ಕಚೇರಿಗೆ ಫೋನು ಮಾಡಿದಳು. ಎತ್ತಿದವನು ಗಡ್ಡದವನು, ಆಕೆಯ ಜೊತೆ ಆ ಯಂತ್ರಗಳನ್ನು ನೋಡಿಕೊಳ್ಳುವವನು.

"ಅಕ್ಕಾ, ನಾನೇ ಮಾಡೋಣ ಅಂತಿದ್ದೆ. ಆದ್ರೆ ನಿಮ್ಮ ಕಷ್ಟದಲ್ಲಿ... ಮೂರನೇ ನೋಡ್ ಸತ್ತೋಗಿದೆ. ಡಿಸ್ಕೇ ಹೋಗಿದೆ. ನಕಲು ಇಲ್ವಲ್ಲ, ಆ ಪಾಲು ಪೂರ್ತಿ ಹೋಯ್ತು. ಆಸ್ಪತ್ರೆಗಳಲ್ಲೇ ಉಳಿದಿರೋ ಮೂಲ ಸಾಲುಗಳನ್ನ ಮತ್ತೆ ತರಿಸಿ ತುಂಬಬೇಕು. ಎರಡು ದಿನ ಆಗುತ್ತೆ."

"ಎರಡು ದಿನ? ಅಲ್ಲೀವರೆಗೆ ಪುಟ ಮುಚ್ಚಿರುತ್ತಾ?"

"ನೀವೇ ಮಾಡಿದ ನಿಯಮ ಅಲ್ವಾ ಅಕ್ಕಾ."

"ನಿಯಮಕ್ಕೆ ಬೆಂಕಿ ಹಾಕು. ನಮ್ಮಣ್ಣ ಬರಿಗಾಲಲ್ಲಿ ಬೀದೀಲಿದ್ದಾನೆ ಕಣೋ. ನಂಗೆ ಈಗ ಹುಡುಕಬೇಕು."

"ಒಂದು ದಾರಿ ಇದೆ. ಸತ್ತ ಪಾಲಿನ ಜಾಗದಲ್ಲಿ ಖಾಲಿ ಪಾಲು ಕೂರಿಸಿದ್ರೆ ಕೆಂಪು ಹೋಗಿ ಪುಟ ಈಗ್ಲೇ ತೆರೆಯುತ್ತೆ. ಆದ್ರೆ ನಷ್ಟಕ್ಕೆ ಒಪ್ಪಿಗೆಯೇ ಅಂತ ಯಂತ್ರ ಕೇಳ್ತಿದೆ, ಅಕ್ಕಾ."

"ಒಪ್ಪಿಗೆ ಅನ್ನು. ಐದರಲ್ಲಿ ನಾಲ್ಕಾದ್ರೂ ಹುಡುಕಲಿ. ನೀನು ಹಿಂದಿನಿಂದ ಮೂಲ ತರಿಸಿ ತುಂಬು."

"ಬರೆದು ಕಳಿಸ್ತೀರಾ?"

"ಬಾಯಲ್ಲಿ ಹೇಳ್ತಿಲ್ವಾ? ಒಪ್ಪಿಗೆ. ಒಪ್ಪಿಗೆ. ಆಯ್ತಾ?"

ಆ ಪದವನ್ನು ಆಕೆ ಎರಡು ಸಲ ಹೇಳಿದ್ದು ನಿಲ್ದಾಣದಲ್ಲಿ ನಿಂತವರಿಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಪುಟ ತೆರೆದುಕೊಂಡಿತು. ಗಂಡಸು, ಬಿಳಿ ಕೂದಲು, ಬರಿಗಾಲು. ಬಂದವರನ್ನು ಒಬ್ಬೊಬ್ಬರಾಗಿ ನೋಡಿದಳು, ಯಾರೂ ಅಣ್ಣನಲ್ಲ. ಆಮೇಲೆ ಅವಳಿಗೊಂದು ಹೊಳೆಯಿತು. ಅಣ್ಣ ಎಲ್ಲಿದ್ದರೂ ಸುಮ್ಮನಿರುವವನಲ್ಲ. ನೋಡಿದ ನರ್ಸ್ ಯಾರೇ ಆಗಲಿ, ಅದನ್ನು ಬರೆಯದೆ ಬಿಡುವುದಿಲ್ಲ. 'ಟಿಕೆಟ್' ಎಂದು ಬರೆದು ಹುಡುಕಿದಳು. ಯಾರೂ ಇಲ್ಲ.

ಕಣ್ಣಾರೆ ನೋಡಿಬಿಡೋಣ ಎಂದು ನಿಲ್ದಾಣದ ಪಕ್ಕದ ದೊಡ್ಡಾಸ್ಪತ್ರೆಗೂ ಹೋದಳು. ವಿಚಾರಣೆಯ ಕಿಟಕಿಯವನು ಮರ್ಯಾದಸ್ಥ. ವಾರ್ಡಿಗೆ ಬಿಡಿ ಎಂದರೆ ಒಪ್ಪಲಿಲ್ಲ, ಆದರೆ ಆಕೆಯ ಎದುರೇ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದು ಹುಡುಕಿದ. "ಸಿಸ್ಟಮ್ಮಲ್ಲಿ ಇಲ್ಲಮ್ಮ. ಇಲ್ಲ ಅಂದ್ರೆ ಇಲ್ಲ. ಹುಡುಕಿಕೊಂಡು ಬರೋರನ್ನೆಲ್ಲ ವಾರ್ಡಿಗೆ ನುಗ್ಗಿಸಬೇಡಿ, ಇದರಲ್ಲಿ ನೋಡಿ ಹೇಳಿ ಅಂತ ನಮಗೆ ಟ್ರೇನಿಂಗಲ್ಲೇ ಹೇಳಿದ್ದಾರೆ." ಟ್ರೇನಿಂಗ್ ಕೊಟ್ಟವಳು ಯಾರೆಂದು ಆಕೆ ಹೇಳಲಿಲ್ಲ. ಖಾಲಿ ಪಾಲು ಎರಡು ದಿನದಲ್ಲಿ ತುಂಬಿದ ಮೇಲೆ ಮತ್ತೆ ನೋಡಿದರಾಯಿತು ಎಂದುಕೊಂಡು, ಸರಿಯಾಗಿಯೇ ಮಾಡುತ್ತಿದ್ದೀರಿ ಎಂದು ಹೇಳಿ, ಕೈ ಮುಗಿದು ಹೊರಬಂದಳು.

ಎರಡು ದಿನ ಕಳೆದು ಮತ್ತೆ ಹುಡುಕಿದಳು. ಇಷ್ಟರಲ್ಲಿ ಗಡ್ಡದವನು ಮೂಲ ತುಂಬಿರಬೇಕು. ಆದರೂ ಖಾತ್ರಿಗೆಂದು, ಕಚೇರಿಯ ಗೋಡೆಯ ಮೇಲಿನ ಪರದೆಯನ್ನೇ ತನ್ನ ಫೋನಿನಲ್ಲಿ ತೆರೆದು ನೋಡಿದಳು. ದೀಪ ಹಸಿರು! ಹಳದಿ ಕೂಡ ಅಲ್ಲ, ಅಪ್ಪಟ ಹಸಿರು. ಎಷ್ಟು ವರ್ಷವಾಗಿತ್ತು ಅದನ್ನು ನೋಡಿ. ಅಂತೂ ಸಾಹೇಬರು ಡಿಸ್ಕು ತರಿಸಿದರು, ಪಾಲೂ ತುಂಬಿತು, ನಕಲೂ ಆಯಿತು, ನನ್ನ ಗೋಳಾಟಕ್ಕೆ ಕೊನೆಗಾದರೂ ಬೆಲೆ ಬಂತು ಎಂದುಕೊಂಡಳು. ಅಷ್ಟು ಸಂಕಟದ ನಡುವೆಯೂ ಆ ದೀಪವನ್ನು ಎರಡೆರಡು ಸಲ ನೋಡಿದಳು. ಮತ್ತೆ 'ಟಿಕೆಟ್' ಎಂದು ಹಾಕಿದಳು. ಯಾರೂ ಇಲ್ಲ. ಹಸಿರು ದೀಪದಡಿಯಲ್ಲಿ ಇಲ್ಲ ಎಂದರೆ ಇಲ್ಲ. ಹಾಗಾದರೆ ಅಣ್ಣ ಈ ಊರಿನ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಆಕೆ ಊರು ಬಿಟ್ಟಳು. ಅಣ್ಣ ಹಿಂದೆ ಓಡಾಡಿದ ಮಾರ್ಗಗಳನ್ನೆಲ್ಲ ಹಿಡಿದು, ಊರಿಂದೂರಿಗೆ, ನಿಲ್ದಾಣದಿಂದ ನಿಲ್ದಾಣಕ್ಕೆ ಅಲೆದಳು. ಫೋಟೋ ತೋರಿಸಿದಳು, ಗೋಡೆಗಳಿಗೆ ಅಂಟಿಸಿದಳು, ಅಂಗಡಿಯವರ ಕಾಲು ಹಿಡಿಯುವುದೊಂದು ಬಾಕಿ. ಬಿಳಿ ಕೂದಲಿನ ಯಾವ ಬೆನ್ನು ಕಂಡರೂ ಓಡಿಹೋಗಿ ಮುಖ ನೋಡುವಳು. ವೈದ್ಯೆಯ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ನಿದ್ದೆಗೆಟ್ಟು, ರಜೆಯೂ ಮುಗಿದು, ಚಪ್ಪಲಿ ಸವೆದು, ಒಂದು ಸೋಮವಾರ ವಾಪಸು ಬಂದು ಕಚೇರಿಯ ಕುರ್ಚಿಯಲ್ಲಿ ಕೂತಳು. ಅಷ್ಟು ಹೊತ್ತಿಗೆ ತಿಂಗಳು ಉರುಳಿತ್ತು.

ನೋಡೋಣ ಸಾಹೇಬರು ಬಂದು ಸಮಾಧಾನ ಹೇಳಿದರು. "ನೀವಿಲ್ದಾಗ ಒಂದು ನೋಡ್ ಹೋಗಿತ್ತಮ್ಮ. ನಮ್ಮ ಗಡ್ಡದೋನು ಅರ್ಧ ಗಂಟೇಲಿ ಎಬ್ಬಿಸಿಬಿಟ್ಟ! ಮೇಲಿನೋರು ನೋಡೋಕೆ ಬಂದಾಗ ಎಲ್ಲಾ ಹಸಿರು. ಖುಷಿಪಟ್ಟು ಹೋದ್ರು."

"ಡಿಸ್ಕು ಯಾವಾಗ ಬಂತು ಸರ್?"

"ಡಿಸ್ಕಾ? ಅದಿನ್ನೂ... ನೋಡೋಣ."

ಆಕೆ ನಿಧಾನವಾಗಿ ಗಡ್ಡದವನ ಕಡೆ ತಿರುಗಿದಳು. ಅವನು ಕೀಲಿಮಣೆಯನ್ನೇ ನೋಡುತ್ತಿದ್ದ.

"ಡಿಸ್ಕಿಲ್ಲದೆ ಹಸಿರು ಹೇಗಾಯ್ತೋ?"

"ನಕಲೇ ಬೇಡ ಅಂತ ಬರೆದ್ರೆ ಹಸಿರಾಗುತ್ತೆ, ಅಕ್ಕಾ. ಇರಬೇಕಾದ ನಕಲು ಸೊನ್ನೆ ಅಂತ ಹಾಕಿದೆ. ಸೊನ್ನೆ ಇದೆ. ಸರಿಹೋಯ್ತು. ಸಾಹೇಬ್ರೇ ಹೇಳಿದ್ದು."

"ಮೂಲ? ಮೂರನೇ ಪಾಲಿಗೆ ಮೂಲ ತುಂಬಿದೆಯಾ?"

ತುಂಬಿರಲಿಲ್ಲ. ಹಸಿರಿದೆಯಲ್ಲ, ಮೇಲಿನವರು ಬರುವವರೆಗೆ ಮುಟ್ಟಬೇಡ ಎಂದಿದ್ದರಂತೆ ಸಾಹೇಬರು. ಬಂದುಹೋದ ಮೇಲೆ ಬೇರೆ ಕೆಲಸ ಬಂತಂತೆ. ಅಕ್ಕನಿಗೆ ಫೋನು ಮಾಡೋಣವೆಂದರೆ, ಇಂಥ ಕಷ್ಟದಲ್ಲಿ ಯಾಕೆ ಕಾಡುವುದು ಎನಿಸಿತಂತೆ. ಎಲ್ಲರೂ ಒಳ್ಳೆಯವರೇ! ಯಾರೂ ಸುಳ್ಳು ಹೇಳಿರಲಿಲ್ಲ. ಖಾಲಿ ಕೊಡ ಸೋರುವುದಿಲ್ಲ, ಅದಕ್ಕೇ ಅದು ಗಟ್ಟಿ ಕೊಡ ಎಂದು ಇವರೆಲ್ಲ ಸೇರಿ ತೀರ್ಮಾನ ಮಾಡಿದ್ದರು, ಅಷ್ಟೇ. ಆಕೆಗೆ ಎದ್ದು ಅವನ ಗಡ್ಡ ಹಿಡಿದು ಜಗ್ಗಬೇಕೆನಿಸಿತು. ಆದರೆ ಒಪ್ಪಿಗೆ ಒಪ್ಪಿಗೆ ಎಂದು ಅರಚಿದ ತನ್ನ ಬಾಯಿಯನ್ನು ಮೊದಲು ಏನು ಮಾಡಬೇಕು?

ಆಕೆ ಯಾರನ್ನೂ ಬೈಯಲಿಲ್ಲ. ಕೂತು ಕೆಲಸ ಮಾಡಿದಳು. ಉಪಯೋಗಕ್ಕೆ ಬಾರದ ಹಳೆಯ ಕಸವನ್ನೆಲ್ಲ ಅಳಿಸಿ ಡಿಸ್ಕಿನಲ್ಲಿ ಜಾಗ ಮಾಡಿದಳು. ಪುಟವನ್ನು ಮುಚ್ಚಿದಳು. ಸಾಹೇಬರು ಏನೋ ಹೇಳಲು ಬಂದವರು ಆಕೆಯ ಮುಖ ನೋಡಿ ಹಾಗೇ ಹಿಂದೆ ಸರಿದರು. ಒಂದೊಂದೇ ಆಸ್ಪತ್ರೆಯಿಂದ ಮೂಲ ತರಿಸಿ, ಕಳೆದುಹೋದ ಪಾಲಿಗೆ ತುಂಬುತ್ತಾ ಹೋದಳು. ಕೇಳಿದರೆ ಕೊಡಲು ಆಸ್ಪತ್ರೆಗಳೆಲ್ಲ ಸಿದ್ಧವಾಗಿಯೇ ಇದ್ದವು, ಇಷ್ಟು ದಿನ ಕೇಳಿದವರಿರಲಿಲ್ಲ. ಕಳೆದುಹೋಗಿದ್ದ ಸಾಲುಗಳು ಗುಂಪುಗುಂಪಾಗಿ ವಾಪಸು ಬರತೊಡಗಿದವು. ಸುಟ್ಟ ಕಲೆಯವರು, ಓಲೆಯವರು, ಮಗಳನ್ನು ಕರೆಯುವವರು. ಇವರನ್ನೆಲ್ಲ ಹುಡುಕಿ, ಇಲ್ಲ ಎನ್ನಿಸಿಕೊಂಡು ಹೋದ ಮನೆಯವರು ಎಷ್ಟು ಜನವೋ.

ಮರುದಿನ ಮಧ್ಯಾಹ್ನ ತುಂಬುವುದು ಮುಗಿಯಿತು. 'ಟಿಕೆಟ್' ಎಂದು ಬರೆದಳು. ಒಂದೇ ಒಂದು ಉತ್ತರ ಬಂತು. 'ಗಂಡಸು, ಬರಿಗಾಲು, ಬಸ್ಸಿನಿಂದ ಬಿದ್ದು ಸೊಂಟದ ಮೂಳೆ ಮುರಿದಿದೆ. ವಾರ್ಡಿನ ಎಲ್ಲರ ಬಳಿಯೂ ಟಿಕೆಟ್ ಕೇಳುತ್ತಾರೆ.' ಆಸ್ಪತ್ರೆ, ನಿಲ್ದಾಣದ ಪಕ್ಕದ್ದೇ. ಅವನು ಕಾಣೆಯಾದ ದಿನ ರಾತ್ರಿಯೇ ಬರೆದದ್ದು. ವಿಚಾರಣೆಯ ಕಿಟಕಿಯ ಮುಂದೆ ಆಕೆ ಕೈ ಮುಗಿದು ನಿಂತಾಗ ಅಣ್ಣ ಅವಳ ನೆತ್ತಿಯ ಮೇಲಿನ ಮಹಡಿಯಲ್ಲಿ ಮಲಗಿದ್ದ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ಜನ ನಗುತ್ತಾರಲ್ಲ, ಆ ಹೆಂಗಸು ಮನೆಗೆ ಬಂದು ಎಷ್ಟು ಅತ್ತಳೆಂದು ಗಾದೆ ಕಟ್ಟಿದವನು ಹೇಳಿಲ್ಲ.

ವಾರ್ಡಿನ ನರ್ಸ್ ಮೆಟ್ಟಿಲ ಬಳಿಯೇ ಎದುರಾದಳು. ಕಣ್ಣಲ್ಲಿ ದೂರು ಇತ್ತು. "ಬಂದ ದಿನವೇ ಸಿಸ್ಟಮ್ಮಿಗೆ ಹಾಕಿದ್ದೆ ನಾನು. ಒಬ್ಬರೂ ಬರಲಿಲ್ಲ. ಮೊದಮೊದಲು ತುಂಬಾ ಗಲಾಟೆ ಮಾಡೋರು. ತಂಗಿ ಬರ್ತಾಳೆ, ಹುಡುಕೋದೇ ಅವಳ ಕೆಲಸ, ಅಂತ. ಯಾರೂ ಹುಡುಕ್ತಿಲ್ಲ ಅಂತ ನಮಗೆ ಗೊತ್ತಿತ್ತಲ್ಲ, ಹೂಂ ಹೂಂ ಅಂತಿದ್ವಿ. ಈಚೆಗೆ ಸುಮ್ಮನಾಗಿದ್ದಾರೆ."

ಯಾರೂ ಹುಡುಕುತ್ತಿಲ್ಲ ಎಂಬ ಮಾತನ್ನು ಹೊತ್ತುಕೊಂಡೇ ಆಕೆ ವಾರ್ಡಿನೊಳಗೆ ನಡೆದಳು.

ಅಣ್ಣ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದ. ಸೊರಗಿ ಅರ್ಧವಾಗಿದ್ದ. ಯಾರೋ ಗಡ್ಡ ಬೋಳಿಸಿದ್ದರು. ಬೆರಳುಗಳ ನಡುವೆ ಔಷಧಿ ಚೀಟಿಯನ್ನು ಉದ್ದಕ್ಕೆ ಮಡಚಿ ಸಿಕ್ಕಿಸಿಕೊಂಡಿದ್ದ. ಆಕೆ ಹತ್ತಿರ ಹೋಗಿ ನಿಂತಳು. ದಿನವೂ ಮಾಡುತ್ತಿದ್ದಂತೆ ಕೈ ಚಾಚಿದಳು. ಅವನು ತಲೆಯೆತ್ತಿ ಅವಳ ಮುಖವನ್ನು ನೋಡಿದ. ಸಾಕಷ್ಟು ಹೊತ್ತು ನೋಡಿದ.

"ಎಲ್ಲಿಗಮ್ಮ?" ಎಂದ. "ಚಿಲ್ಲರೆ ಕೊಡಿ. ಟಿಕೆಟ್ ತಗೊಳ್ಳಿ."

ಡಿಸ್ಕುಗಳು ಆಮೇಲೆ ಬಂದವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ, ಒಂದಕ್ಕೆ ಎರಡು ನಕಲು ಇಡುವಷ್ಟು ಬಂದವು. ಮೇಲಿನವರಿಂದ ಸಾಹೇಬರಿಗೆ ಶಹಬ್ಬಾಸ್ ಕೂಡ ಬಂತು. ಕಚೇರಿಯಲ್ಲಿ ಈಗ ಆಕೆಯನ್ನು ಯಾರೂ ಕಾಮಾಲೆಯಕ್ಕ ಎನ್ನುವುದಿಲ್ಲ, ಮೇಡಂ ಎನ್ನುತ್ತಾರೆ. ಗಡ್ಡದವನು ಗಡ್ಡ ತೆಗೆದಿದ್ದಾನೆ, ಆಕೆಯ ಕಣ್ಣು ತಪ್ಪಿಸಿಯೇ ಓಡಾಡುತ್ತಾನೆ. ಅಂದು ಕಳೆದುಹೋದ ಸಾಲುಗಳಲ್ಲಿ ಒಂದೂ ಬಿಡದೆ ಎಲ್ಲ ವಾಪಸು ಬಂದವು. ಅಣ್ಣನೊಳಗಿನ ಒಂದು ಸಾಲು ಮಾತ್ರ ಬರಲಿಲ್ಲ. ಅವನ ತಲೆಯಲ್ಲಿದ್ದ ತಂಗಿಗೆ ಬೇರೆಲ್ಲೂ ಮೂಲವಿರಲಿಲ್ಲ.

ಅಣ್ಣ ಮನೆಯಲ್ಲೇ ಇದ್ದಾನೆ. ಕೋಲೂರಿಕೊಂಡು ಮುಂಬಾಗಿಲ ಬಳಿ ಕೂರುತ್ತಾನೆ. ಅವನ ಪಕ್ಕದಲ್ಲಿ ಒಂದು ಕುರ್ಚಿ, ಅದರ ಮೇಲೆ ಅವನ ಹಳೆಯ ಚೀಲ. ಸಂಜೆ ಕಚೇರಿಯಿಂದ ದಣಿದು ಬಂದ ಆಕೆ, ಮೊದಮೊದಲು ಮರೆತು ಆ ಕುರ್ಚಿಗೆ ಕೈ ಹಾಕುತ್ತಿದ್ದಳು. ಆಗ ಅವನು ಹೊಟ್ಟೆ ಮುಂದೆ ಮಾಡಿ ಅಡ್ಡ ಬರುತ್ತಿದ್ದ.

"ಅಲ್ಲಿ ಕೂರಬೇಡಿ ಮೇಡಂ. ನನ್ನ ತಂಗಿ ಬರ್ತಾಳೆ."

ಈಗ ಆಕೆ ಆ ಸೀಟು ಕೇಳುವುದಿಲ್ಲ. ಟಿಕೆಟ್ ತೆಗೆದುಕೊಂಡು ಗೋಡೆಗೆ ಒರಗಿ ನಿಲ್ಲುತ್ತಾಳೆ.